ಹದಿಮೂರು ಲಕ್ಷ ಪೆಟ್ಟಿಗೆ, ಒಂದು ವೈರು

2001ರ ಕೊನೆ. ಕ್ರಿಸ್‌ಮಸ್ ವ್ಯಾಪಾರ ಕುದುರುವ ಹೊತ್ತಿಗೆ ಸರಿಯಾಗಿ ನೆದರ್ಲೆಂಡ್ಸ್‌ನ ಅಧಿಕಾರಿಗಳು ಸೋನಿ ಕಂಪನಿಯ ‘ಪಿಎಸ್ ಒನ್’ ಆಟದ ಯಂತ್ರಗಳನ್ನು ತಡೆದು ನಿಲ್ಲಿಸಿದರು. ಒಂದೆರಡಲ್ಲ, ಸುಮಾರು 13 ಲಕ್ಷ. ಅವು ಶಾಕ್ ಹೊಡೆಯುತ್ತಿರಲಿಲ್ಲ, ಬಿಸಿಯಾಗಿ ಹೊತ್ತಿಕೊಳ್ಳುತ್ತಲೂ ಇರಲಿಲ್ಲ. ತಕರಾರೆಲ್ಲ ಜೊತೆಗೆ ಕೊಟ್ಟಿದ್ದ ವೈರಿನ ಮೇಲೆ. ಅದರಲ್ಲಿ ಕ್ಯಾಡ್ಮಿಯಂ ಮಿತಿಮೀರಿತ್ತು.

ಅದುವರೆಗೆ ವಿದ್ಯುತ್ ಸಾಮಾನಿನ ಪರೀಕ್ಷೆ ಅಂದರೆ ಮುಖ್ಯವಾಗಿ ಬೆಂಕಿ ಮತ್ತು ಶಾಕ್. 1893ರ ಶಿಕಾಗೋ ವಿಶ್ವಮೇಳದ ದೀಪಾಲಂಕಾರ ಕಂಡು ವಿಮಾ ಕಂಪನಿಗಳಿಗೆ ದಿಗಿಲು ಹುಟ್ಟಿತು. ತನಿಖೆಗೆ ಹೋದ ಯುವ ಎಂಜಿನಿಯರ್ ವಿಲಿಯಂ ಹೆನ್ರಿ ಮೆರಿಲ್ ಮರುವರ್ಷವೇ ಅಲ್ಲೊಂದು ಪ್ರಯೋಗಾಲಯ ತೆರೆದ. ಇವತ್ತಿನ ‘ಯುಎಲ್’ ಮುದ್ರೆಯ ಮೂಲ ಅದು. ನಮ್ಮಲ್ಲಿ 1952ರ ಕಾಯ್ದೆಯಿಂದ ಬಂದ ಐಎಸ್‌ಐ ಮಾರ್ಕು ಇಸ್ತ್ರಿಪೆಟ್ಟಿಗೆಗೆ ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಮನೆಯಲ್ಲಿರುವಷ್ಟು ದಿನ ಯಾರನ್ನೂ ಸುಡದಿದ್ದರೆ ಸರಿ. ಗುಜರಿಗೆ ಹೋದ ಮೇಲಿನ ಕಥೆ ಈ ಮುದ್ರೆಗಳಿಗೆ ಬೇಕಿರಲಿಲ್ಲ.

ವೈರಿನೊಳಗೆ ಕ್ಯಾಡ್ಮಿಯಂಗೆ ಏನು ಕೆಲಸ? ಪ್ಲಾಸ್ಟಿಕ್ಕಿಗೆ ಗಾಢ ಹಳದಿ, ಕೆಂಪು ಬಣ್ಣ ಕೊಡುವುದು ಅದೇ. ಪಿವಿಸಿ ಬಿಸಿಲಿಗೂ ಶಾಖಕ್ಕೂ ಕೆಡದಂತೆ ಕಾಯುವುದೂ ಅದೇ. ವಿಪರ್ಯಾಸವೆಂದರೆ ಈ ಲೋಹದ ಕಾಟವನ್ನು ಜಪಾನಿನಷ್ಟು ಉಂಡ ದೇಶ ಇನ್ನೊಂದಿಲ್ಲ. ಟೊಯಾಮಾ ಪ್ರಾಂತ್ಯದ ಜಿಂಜು ನದಿಗೆ ಗಣಿಯ ನೀರು ಸೇರಿ, ಅಲ್ಲಿಂದ ಗದ್ದೆಗಿಳಿದು, ಅಕ್ಕಿಯ ಮೂಲಕ ಮೈಸೇರಿ, ಹೆಂಗಸರ ಮೂಳೆಗಳು ಮುರಿಯತೊಡಗಿದ್ದವು. 1968ರಲ್ಲಿ ಸರ್ಕಾರವೇ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿಕೊಂಡಿತು. ಅಂಥ ನಾಡಿನ ಕಂಪನಿಯೇ ಡಚ್ಚರ ಕ್ಯಾಡ್ಮಿಯಂ ಕಾನೂನಿಗೆ ಸಿಕ್ಕಿಬಿತ್ತು! ವೈರುಗಳನ್ನು ಬದಲಾಯಿಸಿದ್ದಾಯಿತು. ಆದರೆ ಆ ಬಣ್ಣ ಎಲ್ಲಿ ಬೆರೆಯಿತು ಎಂದು ಹುಡುಕಲು ಸೋನಿಯವರು ಉಪಗುತ್ತಿಗೆದಾರರ ಉಪಗುತ್ತಿಗೆದಾರರವರೆಗೆ ಇಳಿದು ಸಾವಿರಾರು ಕಾರ್ಖಾನೆ ಸುತ್ತಬೇಕಾಯಿತು.

ವಿದ್ಯುತ್ ಸಾಮಾನಿನಲ್ಲಿ ಇಂಥ ವಿಷವಸ್ತುಗಳಿಗೆ ಮಿತಿ ಹಾಕುವ ಯುರೋಪಿನ ‘ರೋಹ್ಸ್’ ನಿಯಮ ಹುಟ್ಟಿದ್ದೇ ಈ ಪ್ರಕರಣದಿಂದ ಎನ್ನುವವರಿದ್ದಾರೆ. ತಪ್ಪು. ಕರಡು 2000ದಲ್ಲೇ ಸಿದ್ಧವಾಗಿತ್ತು. ಅದು ಬರೀ ಕಾಗದವಲ್ಲ, ಹಡಗುಗಟ್ಟಲೆ ಮಾಲು ನಿಲ್ಲಿಸಬಲ್ಲದು ಎಂಬ ಭಯ ಹುಟ್ಟಿಸಿದ್ದು ಮಾತ್ರ ಈ ವೈರು. 2006ರ ಜುಲೈ 1ರಿಂದ ಸೀಸ, ಪಾದರಸ, ಕ್ಯಾಡ್ಮಿಯಂ, ಷಡ್ವೇಲೆನ್ಸಿ ಕ್ರೋಮಿಯಂ ಮತ್ತು ಬೆಂಕಿ ತಡೆಯಲು ಬಳಸುವ ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳಿಗೆ ಮಿತಿ ಬಿತ್ತು. ಕ್ಯಾಡ್ಮಿಯಂಗೆ ಶೇ 0.01, ಉಳಿದವಕ್ಕೆ ಶೇ 0.1. ಇದರ ಚುರುಕು ಇರುವುದು ಲೆಕ್ಕ ಹಾಕುವ ರೀತಿಯಲ್ಲಿ. ಇಡೀ ಯಂತ್ರದ ತೂಕದ ಮೇಲಲ್ಲ ಶೇಕಡಾವಾರು. ವೈರಿನ ಹೊದಿಕೆಗೇ ಬೇರೆ, ಒಳಗಿನ ತಾಮ್ರಕ್ಕೇ ಬೇರೆ. ತಾಮ್ರದ ಭಾರದಲ್ಲಿ ಕೆಟ್ಟ ಬಣ್ಣವನ್ನು ಕರಗಿಸಿ ತೋರಿಸುವ ಆಟ ಇಲ್ಲಿ ನಡೆಯದು.

ಸೀಸ ಹೋದದ್ದರಿಂದ ಗಾಳಿ, ನೀರಿಗೆ ಒಳ್ಳೆಯದೇ ಆಯಿತು, ರಿಪೇರಿಯವರಿಗೆ ಆಗಲಿಲ್ಲ. ತವರ-ಸೀಸದ ಹಳೆಯ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ತವರ, ಬೆಳ್ಳಿ, ತಾಮ್ರದ ಹೊಸದಕ್ಕೆ ಸುಮಾರು 217 ಬೇಕು. ಪಳಪಳ ಹೊಳೆದರೆ ಬೆಸುಗೆ ಗಟ್ಟಿ, ಮಂಕಾಗಿದ್ದರೆ ‘ಡ್ರೈ ಸೋಲ್ಡರ್’ ಎಂದು ರೇಡಿಯೋ ಮೆಕ್ಯಾನಿಕ್ಕುಗಳು ಕಣ್ಣಲ್ಲೇ ಹೇಳುತ್ತಿದ್ದರು. ಸೀಸವಿಲ್ಲದ ಬೆಸುಗೆ ಗಟ್ಟಿಯಾಗಿದ್ದರೂ ಮಂಕೇ. ಒಂದು ತಲೆಮಾರಿನ ಕಣ್ಣಳತೆ ಹೀಗೆ ಸದ್ದಿಲ್ಲದೆ ಮೂಲೆ ಸೇರಿದ್ದು ನನಗಂತೂ ಇವತ್ತಿಗೂ ಹೊಟ್ಟೆಯುರಿ. ಬೆಸುಗೆಯ ಗ್ರಾಂ ಲೆಕ್ಕದ ಸೀಸಕ್ಕೆ ಇಷ್ಟು ಕಾಟ ಕೊಟ್ಟವರು ಇನ್ವರ್ಟರ್ ಬ್ಯಾಟರಿಯ ಕಿಲೋಗಟ್ಟಲೆ ಸೀಸವನ್ನು ಈ ನಿಯಮದ ಹೊರಗೇ ಇಟ್ಟರು. ಅದಕ್ಕೆ ಬೇರೆಯೇ ಕಾನೂನಂತೆ.

ಭಾರತಕ್ಕೆ ಇದೇ ಆರು ವಸ್ತುಗಳ ಮಿತಿ 2011ರ ಇ-ತ್ಯಾಜ್ಯ ನಿಯಮಗಳಲ್ಲೇ ಬಂದು, 2014ರ ಮೇ ತಿಂಗಳಿಂದ ಜಾರಿಯಾಯಿತು. ಇಲ್ಲೂ ಯುರೋಪಿನಲ್ಲೂ ‘ನಮ್ಮ ಮಾಲು ಶುದ್ಧ’ ಎಂದು ಬರೆದುಕೊಡುವವರು ತಯಾರಕರೇ. ಆ ಮಾತು ನಿಂತಿರುವುದು ಕೆಳಗಿನ ಸಣ್ಣ ಕಾರ್ಖಾನೆಯವನು ಕೊಟ್ಟ ಕಾಗದದ ಮೇಲೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸೀಸ ಬೆರೆತ ಬೆಸುಗೆತಂತಿಯ ಸುರುಳಿ ಈಗಲೂ ಸಲೀಸಾಗಿ ಸಿಗುತ್ತದೆ. ರಿಪೇರಿಯವರು ಕೇಳುವುದೂ ಅದನ್ನೇ. ಬೇಗ ಕರಗುತ್ತದೆ, ರೇಟೂ ಕಡಿಮೆ.