ಏತದ ಮರ, ಬಂದರಿನ ಕ್ರೇನು

ಏತ ಕನ್ನಡಕ್ಕೂ ಏತವೇ, ತೆಲುಗಿಗೆ ಏತಂ. ನಮ್ಮ ಕಂಬದೂರು ಸೀಮೆಯಲ್ಲಿ ಹುಡುಗನಾಗಿ ಏತ, ಕಪಿಲೆ ನೋಡಿದ ನನ್ನಂಥ ರೈತನಿಗೆ ಬಂದರಿನ ಕ್ರೇನು ತೀರಾ ಪರಕೀಯವಲ್ಲ. ನೀರಿನ ಮೇಲೆ ಚಾಚಿದ ಉದ್ದ ತೋಳು, ಅದರಲ್ಲಿ ತೂಗುವ ಕಂಟೇನರ್ ಪೆಟ್ಟಿಗೆ. ಸರಕು ಸೇರಿ ಒಂದು ಪೆಟ್ಟಿಗೆ ಸುಮಾರು 30 ಟನ್ ತನಕ ತೂಗುತ್ತದೆ.

ಒಮ್ಮೆ ಎತ್ತುವುದು ದೊಡ್ಡದಲ್ಲ. ಹಗಲೂ ರಾತ್ರಿ ಎತ್ತಿ ಇಳಿಸುವುದೇ ಕಷ್ಟ. ಬೇಲಿ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಪಟ್ಟಂತ ಮುರಿಯುತ್ತೆ ಅಲ್ಲವೇ? ಹಾಗೇ ಕ್ರೇನಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ ಬೆಳೆಯುತ್ತದೆ. ಎಂಜಿನಿಯರುಗಳು ಇದನ್ನು ಲೋಹದ ದಣಿವು ಅಂತಾರೆ. ಎತ್ತು ದಣಿದರೆ ಮಲಗಿಬಿಡುತ್ತೆ, ಉಕ್ಕು ಬಾಯಿಬಿಡುವುದಿಲ್ಲ. ಅದಕ್ಕೇ ತಪಾಸಣೆಯವರು ಮೇಲೆ ಹತ್ತಿ, ಬೆಸುಗೆಯನ್ನು ಉಜ್ಜಿ, ಕೆಂಪು ದ್ರವ ಸವರಿ ಒರೆಸುತ್ತಾರೆ. ಆಮೇಲೆ ಬಿಳಿ ಪುಡಿ ಹಚ್ಚಿದರೆ ಬಿರುಕು ಕೆಂಪು ಗೆರೆಯಾಗಿ ಕಾಣುತ್ತದೆ. ಒಳಗಿನ ಬಿರುಕಿಗೆ ಶಬ್ದದ ಅಲೆ ಹಾಯಿಸಿ ನೋಡುತ್ತಾರೆ.

2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ 70 ಟನ್ ಸಾಮರ್ಥ್ಯದ ಕ್ರೇನು ಭಾರ ಪರೀಕ್ಷೆಯ ವೇಳೆಯಲ್ಲೇ ಕುಸಿದು 11 ಜನ ಸತ್ತರು. ಅವರಲ್ಲಿ ಗುತ್ತಿಗೆ ಕೆಲಸಗಾರರೂ ಇದ್ದರು. ಅದು ಹಡಗು ಕಟ್ಟುವ ಕಡೆಯ ಕ್ರೇನು, ಕಂಟೇನರಿನದಲ್ಲ. ಆದರೂ ಉಕ್ಕಿನ ಧರ್ಮ ಎಲ್ಲಾ ಕಡೆ ಒಂದೇ.

ಕಡ್ಲೆಕಾಯಿ ಹೊರದೇಶಕ್ಕೆ ಕಳಿಸುವ ವ್ಯಾಪಾರಸ್ಥರೇ, "ಕ್ರೇನು ತಪಾಸಣೆಗೆ ನಿಂತಿದೆ, ಎರಡು ದಿನ ತಡ" ಅಂದರೆ ಗೊಣಗಬೇಡಿ. ಬಾಡಿಗೆ ನಷ್ಟ ಮುಂದಿನ ಲೋಡಿನಲ್ಲಿ ತುಂಬಿಕೊಳ್ಳಬಹುದು. ಹೋದ ಜೀವ ಯಾವ ಕ್ರೇನೂ ಎತ್ತಿ ಕೊಡುವುದಿಲ್ಲ.