‘.315’ ರೈಫಲ್: ಆಸೆಪಡುವ ಮುನ್ನ



ಮರಗೆಣಸು, ಬಾಳೆ, ಅಡಿಕೆ ಸಸಿಗಳನ್ನು ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಬುಡಮೇಲು ಮಾಡಿದಾಗ, ‘ಒಂದು ರೈಫಲ್ ಇದ್ದಿದ್ದರೆ’ ಎಂದು ಅನಿಸುವುದು ಸಹಜ. ಆಗ ಮೊದಲು ಕೇಳಿಬರುವ ಹೆಸರು ಪಶ್ಚಿಮ ಬಂಗಾಳದ ಇಶಾಪುರ ಸರಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಹಳೆಯ ವಿದೇಶಿ ರೈಫಲುಗಳಿಗಿಂತ ಇದು ಅಗ್ಗ.

ಇದರ ಬೋಲ್ಟ್ ಬಾಗಿಲಿನ ಅಗುಳಿಯ ಹಾಗೆ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟೆ ಹೊರಬೀಳುತ್ತದೆ. ಮುಂದೂಡಿ ಕೆಳಕ್ಕೆ ಒತ್ತಿದರೆ ಹೊಸತು ನಳಿಗೆಯಲ್ಲಿ ಕೂರುತ್ತದೆ. ಮ್ಯಾಗಜಿನ್‌ನಲ್ಲಿ 5 ತೋಟೆ ಹಿಡಿಯುತ್ತದೆ. ತೋಟೆಯ ಬುಡಕ್ಕೆ ಅಂಚು ಇದೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು, ತಪ್ಪಿದರೆ ಸಿಕ್ಕಿಕೊಳ್ಳುತ್ತದೆ.

ಈ ತೋಟೆ ಮೂಲತಃ 1890ರ ಸುಮಾರಿನ ಆಸ್ಟ್ರಿಯಾ-ಹಂಗೇರಿ ಸೈನ್ಯದ್ದು. ಬ್ರಿಟಿಷರು ತಮ್ಮ ಸೈನ್ಯದ .303 ತೋಟೆಯನ್ನು ಸಾರ್ವಜನಿಕರಿಗೆ ನಿಷೇಧಿಸಿದ್ದರಿಂದ .315 ನಮ್ಮ ದೇಶದಲ್ಲಿ ಬಳಕೆಗೆ ಬಂತು. ಗುಂಡಿನ ತೂಕ 244 ಗ್ರೇನ್, ಅಂದರೆ ಸುಮಾರು 16 ಗ್ರಾಂ.

ಕಾನೂನು ಏನು ಹೇಳುತ್ತದೆ? 1959ರ ಆಯುಧ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಹೇಳುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದಿದ್ದರೆ ಒಳಗೆ ನಯವಾದ ನಳಿಗೆಯ ಬೇರೆ ಕೋವಿಯನ್ನು. ರೈಫಲಿಗೆ ಪರವಾನಗಿ ಬೇಕಾದರೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು.

ಈ ಭೇದಕ್ಕೆ ಅರ್ಥವಿದೆ. ಕೋವಿಯ ಚರೆ ಕೆಲವು ನೂರು ಮೀಟರಿನೊಳಗೆ ಬೀಳುತ್ತದೆ. ರೈಫಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗಬಲ್ಲದು. ನಮ್ಮ ಕಡೆ ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ. ಮುಂಜಾನೆ ರಬ್ಬರ್ ಟ್ಯಾಪಿಂಗಿಗೆ ಹೊರಟವರು ಕತ್ತಲಲ್ಲಿ ಕಾಣುವುದಿಲ್ಲ. ಹಂದಿಯ ಹಿಂದೆ ಮಣ್ಣಿನ ದರೆ ಇಲ್ಲದಿದ್ದರೆ ಕುದುರೆ ಎಳೆಯಲೇಬಾರದು.

ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅದಕ್ಕೆ ಬೇರೆಯೇ ಆದೇಶ ಬೇಕು. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಆ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೂ ಕೊಟ್ಟಿತು. ಆದುದರಿಂದ ಮೊದಲು ಪಂಚಾಯತಿಗೆ ದೂರು ಕೊಡಿ. ವಿಷ, ಸ್ಫೋಟಕ, ಕರೆಂಟು ತಂತಿ ಸಲ್ಲದು. ಅವು ಮನುಷ್ಯರನ್ನೂ ದನಕರುಗಳನ್ನೂ ಕೊಲ್ಲುತ್ತವೆ. ಕೊಂದ ಹಂದಿಯನ್ನು ಹೂಳಬೇಕೇ ಹೊರತು ಪಾಲು ಮಾಡಬಾರದು.

ಇನ್ನು ಕಿವಿಯ ಮಾತು. ರೈಫಲಿನ ಸದ್ದು 140 ಡೆಸಿಬೆಲ್ ಮೀರುತ್ತದೆ. ಒಳಕಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯವು. ಹೊಡೆಯುವವರೂ ಪಕ್ಕದಲ್ಲಿರುವವರೂ ಎರಡೂ ಕಿವಿಗೆ ರಕ್ಷಣೆ ಇಟ್ಟುಕೊಳ್ಳಬೇಕು. ಕಿವಿಯಲ್ಲಿ ಗುಂಯ್‌ಗುಡುವುದು ಮರುದಿನವೂ ನಿಲ್ಲದಿದ್ದರೆ ವೈದ್ಯರನ್ನು ಕಾಣಿರಿ.

ಕೋವಿಯಾಗಲಿ ರೈಫಲಾಗಲಿ, ಮನೆಗೆ ತರುವ ಮೊದಲು ತೆರೆದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಖಾಲಿಯೆಂದು ಖಚಿತಪಡಿಸಿಕೊಳ್ಳಿ. ಆಯುಧ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ ಇರಲಿ. ಬೀಗದ ಕೈ ಮಕ್ಕಳಿಗೆ ಎಟುಕದಿರಲಿ.