ಮಿತ ಬಜೆಟ್ಟಿನ ಗೇಮಿಂಗ್ ಕಂಪ್ಯೂಟರ್: ಬಿಡಿಭಾಗಗಳ ಆಯ್ಕೆಯ ಲೆಕ್ಕಾಚಾರ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಜೋಡಿಸಿಕೊಳ್ಳುವ ‘ಅಸೆಂಬಲ್ಡ್’ ಕಂಪ್ಯೂಟರಿಗೆ ಭಾರತದಲ್ಲಿ ದಶಕಗಳ ಇತಿಹಾಸವಿದ್ದು, ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಮುಂಬೈನ ಲ್ಯಾಮಿಂಗ್ಟನ್ ರಸ್ತೆ ಮತ್ತು ದೆಹಲಿಯ ನೆಹರೂ ಪ್ಲೇಸ್ ಈ ವ್ಯಾಪಾರಕ್ಕೇ ಹೆಸರಾದ ಸ್ಥಳಗಳು. ಮನೆಯ ಮತ್ತು ಕಚೇರಿಯ ಕೆಲಸವೆಲ್ಲ ಲ್ಯಾಪ್‌ಟಾಪಿಗೆ ಸರಿದ ಮೇಲೂ ಈ ಪದ್ಧತಿ ಉಳಿದುಕೊಂಡದ್ದಕ್ಕೆ ಗೇಮಿಂಗ್ ಒಂದು ದೊಡ್ಡ ಕಾರಣ. ಅಷ್ಟೇ ಹಣಕ್ಕೆ ಲ್ಯಾಪ್‌ಟಾಪಿಗಿಂತ ಹೆಚ್ಚಿನ ಶಕ್ತಿ ದೊರೆಯುವುದಲ್ಲದೆ, ಎರಡು ಮೂರು ವರ್ಷಗಳ ನಂತರ ಒಂದು ಭಾಗವನ್ನಷ್ಟೇ ಬದಲಾಯಿಸಿ ಯಂತ್ರವನ್ನು ಹೊಸದಾಗಿಸಿಕೊಳ್ಳುವ ಅನುಕೂಲವೂ ಇದರಲ್ಲಿದೆ. ಹೀಗೆ ಕೊಳ್ಳಹೊರಟವರು ಅಂಗಡಿಗೆ ಹೋಗುವ ಮುನ್ನ ಸಾಮಾನ್ಯವಾಗಿ ಕಂಪ್ಯೂಟರ್ ಬಲ್ಲ ಗೆಳೆಯನೊಬ್ಬನ ಸಲಹೆ ಕೇಳುತ್ತಾರೆ. ಆ ಗೆಳೆಯನಾದರೋ ಬಹಳ ಸಲ ತನಗೆ ಪ್ರಿಯವಾದ ಭಾಗಗಳ ಪಟ್ಟಿಯೊಂದನ್ನು ಬರೆದುಕೊಟ್ಟು ಸುಮ್ಮನಾಗುತ್ತಾನೆ. ಆದರೆ ಹಣ ಕಡಿಮೆಯಿದ್ದಷ್ಟೂ ಪಟ್ಟಿಗಿಂತ ಮುಖ್ಯವಾಗುವುದು ಯಾವುದನ್ನು ಮೊದಲು ತೀರ್ಮಾನಿಸಬೇಕು ಎಂಬ ಕ್ರಮ.

ಆ ಕ್ರಮದಲ್ಲಿ ಮೊದಲನೆಯದು ಆಡಲಿರುವ ಆಟಗಳ ವಿಚಾರ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2ರಂತಹ ಸ್ಪರ್ಧಾತ್ಮಕ ಆಟಗಳನ್ನೇ ಆಡುವವರಿಗೂ ಸೈಬರ್‌ಪಂಕ್ 2077ರಂತಹ ಭಾರಿ ದೃಶ್ಯವೈಭವದ ಆಟಗಳನ್ನು ಬಯಸುವವರಿಗೂ ಬೇಕಾಗುವ ಯಂತ್ರಗಳು ಬೇರೆಬೇರೆ. ಹೇಳಿದ ಬಜೆಟ್ಟಿನಲ್ಲಿ ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್‌ಗಳು ಸೇರಿವೆಯೇ ಎಂಬುದನ್ನೂ ಆಗಲೇ ಕೇಳಿಬಿಡಬೇಕು, ಏಕೆಂದರೆ ಅರವತ್ತು ಸಾವಿರ ರೂಪಾಯಿಯೆಂದು ಹೊರಟ ಲೆಕ್ಕ ತಪ್ಪುವುದು ಬಹುತೇಕ ಇಲ್ಲಿಯೇ. ಬಿಡಿಭಾಗಗಳ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇರುವುದರಿಂದ, ಅಂಗಡಿಯವರು ಬಾಯಲ್ಲಿ ಹೇಳುವ ದರ ತೆರಿಗೆ ಸೇರಿದ್ದೋ ಅಲ್ಲವೋ ಎಂಬುದೂ ಸಣ್ಣ ವಿಷಯವಲ್ಲ.

ಎರಡನೆಯ ತೀರ್ಮಾನ ಮಾನಿಟರಿನದು. ಕೊಳ್ಳುವವರು ಇದನ್ನು ಕೊನೆಗೆ, ಉಳಿದ ಹಣಕ್ಕೆ ಹೊಂದುವಂತೆ ನೋಡುವುದು ರೂಢಿಯಾದರೂ ಇಡೀ ಯಂತ್ರದ ಅಳತೆ ನಿರ್ಧಾರವಾಗುವುದು ಇದರಿಂದಲೇ. ಆಟದ ದೃಶ್ಯ ಸಿನಿಮಾದ ಹಾಗೆ ಮೊದಲೇ ಚಿತ್ರಿಸಿಟ್ಟದ್ದಲ್ಲ. ಆಟಗಾರ ಮೌಸನ್ನು ಸರಿಸಿದಂತೆಲ್ಲ ಕಂಪ್ಯೂಟರು ಪ್ರತಿಯೊಂದು ಚಿತ್ರವನ್ನೂ ಆ ಕ್ಷಣದಲ್ಲೇ ಬರೆಯಬೇಕು. ಇಂತಹ ಒಂದೊಂದು ಚಿತ್ರವನ್ನು ‘ಫ್ರೇಮ್’ ಎನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೆ ದೊರೆಯುವ ಅವಕಾಶ ಸುಮಾರು 16.7 ಮಿಲಿಸೆಕೆಂಡ್ ಮಾತ್ರ, 144 ಬೇಕೆಂದರೆ 7 ಮಿಲಿಸೆಕೆಂಡಿಗಿಂತಲೂ ಕಡಿಮೆ. ಪರದೆಯನ್ನು ತುಂಬುವ ಬಣ್ಣದ ಚುಕ್ಕೆಗಳಾದ ಪಿಕ್ಸೆಲ್‌ಗಳು 1080ಪಿ ಮಾನಿಟರಿನಲ್ಲಿ ಸುಮಾರು 20.7 ಲಕ್ಷ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ ಇರುತ್ತವೆ. ಎಂದರೆ 4ಕೆ ಪರದೆಗೆ ಚಿತ್ರ ಬರೆಯುವುದು 1080ಪಿಗಿಂತ ನಾಲ್ಕು ಪಟ್ಟು ಪಿಕ್ಸೆಲ್‌ಗಳ ಕೆಲಸ. ಆದ್ದರಿಂದ ಮಿತ ಬಜೆಟ್ಟಿನವರು 4ಕೆಯ ಆಸೆಯನ್ನು ಬಿಟ್ಟು, ಸೆಕೆಂಡಿಗೆ 100ರಿಂದ 144 ಸಲ ಚಿತ್ರ ಬದಲಿಸಬಲ್ಲ, ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಮಾದರಿಯ 1080ಪಿ ಮಾನಿಟರನ್ನು ಆರಿಸಿಕೊಳ್ಳುವುದು ವಿವೇಕ.

ಫ್ರೇಮ್ ಬರೆಯುವ ಕೆಲಸದಲ್ಲಿ ಎರಡು ಭಾಗಗಳು ಪಾಲುಗೊಳ್ಳುತ್ತವೆ. ಆಟದ ನಿಯಮ, ಪಾತ್ರಗಳ ಚಲನೆ, ಗುಂಡು ತಗುಲಿತೇ ಇಲ್ಲವೇ ಎಂಬ ಲೆಕ್ಕ ಪ್ರೊಸೆಸರಿನದಾದರೆ, ಬೆಳಕು, ನೆರಳು, ಬಣ್ಣಗಳನ್ನು ಪಿಕ್ಸೆಲ್‌ಗಳಾಗಿ ಮೂಡಿಸುವ ಭಾರ ಗ್ರಾಫಿಕ್ಸ್ ಕಾರ್ಡಿನದು. ಭಾರಿ ಆಟಗಳಲ್ಲಿ ಮೊದಲು ಬಳಲುವುದು ಗ್ರಾಫಿಕ್ಸ್ ಕಾರ್ಡೇ ಆದ್ದರಿಂದ ಮಾನಿಟರ್ ಬಿಟ್ಟು ಉಳಿದ ಹಣದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಅದಕ್ಕೆ ಮೀಸಲಿಡುವುದು ನ್ಯಾಯವೇ. 2021ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6600 ಮತ್ತು ಜಿಫೋರ್ಸ್ ಆರ್‌ಟಿಎಕ್ಸ್ 3060, 2023ರ ಆರ್‌ಟಿಎಕ್ಸ್ 4060, 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580, 2025ರ ಆರ್‌ಟಿಎಕ್ಸ್ 5060 ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಈ ವರ್ಗದಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರುಗಳು.

ಇವುಗಳ ನಡುವೆ ಆರಿಸುವಾಗ ನೋಡಬೇಕಾದ ಮುಖ್ಯ ಅಂಶ ಕಾರ್ಡಿನ ಸ್ವಂತ ನೆನಪಿನ ಕೋಶವಾದ ವಿಡಿಯೊ ಮೆಮೊರಿ. ದೃಶ್ಯಕ್ಕೆ ಬೇಕಾದ ಚಿತ್ರಗಳೆಲ್ಲ ಇದರಲ್ಲಿ ಹಿಡಿಸದೆ ಹೋದಾಗ ಕಾರ್ಡು ಎಷ್ಟೇ ವೇಗದ್ದಾಗಿದ್ದರೂ ಆಟ ನಡುನಡುವೆ ತಡವರಿಸುತ್ತದೆ. ಇತ್ತೀಚಿನ ಹಲವು ದೊಡ್ಡ ಆಟಗಳಿಗೆ 8 ಜಿಬಿ ಇಕ್ಕಟ್ಟಾಗುತ್ತಿರುವುದರಿಂದ, ಬೆಲೆಯ ಅಂತರ ತೀರಾ ದೊಡ್ಡದಲ್ಲದಿದ್ದರೆ 12 ಅಥವಾ 16 ಜಿಬಿಯ ಕಾರ್ಡು ಹೆಚ್ಚು ವರ್ಷ ಬಾಳುತ್ತದೆ. ಆರ್ಕ್ ಬಿ580ರಲ್ಲಿ 12 ಜಿಬಿ ಇದೆ. ಆದರೆ ಅದಕ್ಕೆ ‘ರೀಸೈಜಬಲ್ ಬಾರ್’ ಎಂಬ ಸೌಲಭ್ಯವುಳ್ಳ ಮದರ್‌ಬೋರ್ಡ್ ಬೇಕು, ಮೇಲಾಗಿ ಹಳೆಯ, ನಿಧಾನದ ಪ್ರೊಸೆಸರಿನೊಂದಿಗೆ ಅದು ತನ್ನ ಪೂರ್ಣ ಶಕ್ತಿಯನ್ನು ತೋರುವುದಿಲ್ಲ. ಬೆಳಕಿನ ಕಿರಣಗಳ ನಡೆಯನ್ನು ಲೆಕ್ಕಹಾಕುವ ‘ರೇ ಟ್ರೇಸಿಂಗ್’ ಒಂದು ಕಾಲಕ್ಕೆ ಬೇಕಾದವರು ಹಾಕಿಕೊಳ್ಳುವ ಅಲಂಕಾರವಾಗಿತ್ತು. 2024ರ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’ ಆಟವಾದರೋ ಆ ಸೌಲಭ್ಯವಿಲ್ಲದ ಕಾರ್ಡನ್ನು ಒಪ್ಪುವುದೇ ಇಲ್ಲ. ಹೀಗಾಗಿ ಜಿಟಿಎಕ್ಸ್ 1650ರಂತಹ ಹಳೆಯ ಕಾರ್ಡನ್ನು ಇಂದು ಹೊಸದೆಂದು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಗ್ರಾಫಿಕ್ಸ್ ಕಾರ್ಡುಗಳ ಹೆಸರಿನಲ್ಲಿ ಒಂದು ಮೋಸವಿದೆ, ಅದನ್ನು ಮೋಸವೆಂದೇ ಕರೆಯಬೇಕು. ಆರ್‌ಟಿಎಕ್ಸ್ 3060 ಎಂಬ ಒಂದೇ ಹೆಸರಿನಲ್ಲಿ 12 ಜಿಬಿಯದೂ 8 ಜಿಬಿಯದೂ ಇದ್ದು, ಎರಡನೆಯದರಲ್ಲಿ ಮೆಮೊರಿ ಮಾತ್ರವಲ್ಲ, ಮೆಮೊರಿಗೆ ಹೋಗುವ ದಾರಿಯೂ 192 ಬಿಟ್‌ನಿಂದ 128 ಬಿಟ್‌ಗೆ ಕಿರಿದಾಗಿದೆ. ‘ಆರ್‌ಎಕ್ಸ್ 580 2048ಎಸ್‌ಪಿ’ ಎಂಬುದು 2304 ಗಣಕ ಘಟಕಗಳಿರುವ ನಿಜವಾದ 580 ಅಲ್ಲ. ಘಟಕಗಳ ಲೆಕ್ಕದಲ್ಲಿ ಅದು ಆರ್‌ಎಕ್ಸ್ 570ಕ್ಕೆ ಸಮ. ಪೆಟ್ಟಿಗೆಯ ಮೇಲಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದದೆ ಹಣ ಕೊಡಬಾರದು.

ಪ್ರೊಸೆಸರಿನ ವಿಷಯದಲ್ಲಿ ಜನರನ್ನು ದಾರಿತಪ್ಪಿಸುವುದು ‘ಐ7’ ಎಂಬ ಎರಡಕ್ಷರದ ಪ್ರತಿಷ್ಠೆ. ಅಗ್ಗದ ಜಾಹೀರಾತುಗಳಲ್ಲಿ ಕಾಣುವ ಐ7 ಎಷ್ಟೋ ಸಲ 2011ರ ಕೋರ್ ಐ7 2600 ಆಗಿರುತ್ತದೆ. ಅದರಲ್ಲಿರುವುದು 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). 2022ರ ಕೋರ್ ಐ3 12100ಎಫ್‌ನಲ್ಲಿಯೂ ಅಷ್ಟೇ ಇವೆ, ಆದರೂ ಹನ್ನೊಂದು ವರ್ಷಗಳ ವಿನ್ಯಾಸದ ಸುಧಾರಣೆಯಿಂದಾಗಿ ಆಟದಲ್ಲಿ ಈ ‘ಚಿಕ್ಕ’ ಐ3 ಆ ‘ದೊಡ್ಡ’ ಐ7ನ್ನು ಬಹಳ ಹಿಂದೆ ಬಿಡುತ್ತದೆ. ಲೆಕ್ಕಕ್ಕೆ ಬರುವುದು ತಲೆಮಾರು, ಅಂತಸ್ತಲ್ಲ. ಹೆಸರಿನ ಕೊನೆಯ ‘ಎಫ್’ ಅಕ್ಷರವು ಆ ಇಂಟೆಲ್ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ, ಪ್ರತ್ಯೇಕ ಕಾರ್ಡಿಲ್ಲದೆ ಪರದೆಯಲ್ಲಿ ಏನೂ ಮೂಡದು ಎಂದು ತಿಳಿಸುತ್ತದೆ. ಈ ವರ್ಗದಲ್ಲಿ 6 ಕೋರ್, 12 ಥ್ರೆಡ್‌ಗಳ ಕೋರ್ ಐ5 12400ಎಫ್ ಅಥವಾ ಎಎಂಡಿಯ ರೈಜನ್ 5 5600 ಸಾಕು. ಎಎಂಡಿಯ ಹೆಸರಿನಲ್ಲಿ ‘ಜಿ’ ಸೇರಿದ ರೈಜನ್ 5 5600ಜಿ, 8600ಜಿಗಳ ಒಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇರುವುದರಿಂದ, ಕಾರ್ಡಿಗೆ ಸದ್ಯ ಹಣವಿಲ್ಲದವರು ಇವುಗಳಲ್ಲೇ ವ್ಯಾಲೊರಂಟಿನಂತಹ ಹಗುರ ಆಟಗಳನ್ನು ಆಡಬಹುದು. ಆದರೆ ಮುಂದೆ ಕಾರ್ಡು ಹಾಕುವುದು ಖಚಿತವಿದ್ದರೆ, ಒಳಸಂಗ್ರಹವಾದ ‘ಕ್ಯಾಶ್’ ಅರ್ಧದಷ್ಟೇ ಇರುವ 5600ಜಿಗಿಂತ 5600 ಲೇಸು.

ಪ್ರೊಸೆಸರನ್ನು ಕೂರಿಸುವ ಕಿಂಡಿಗೆ ಸಾಕೆಟ್ ಎಂದು ಹೆಸರು. ಎಎಂಡಿಯ ಎಎಂ4 ಸಾಕೆಟ್ 2016ರದು, ಡಿಡಿಆರ್4 ರ‍್ಯಾಮಿನದು. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರವೇ ಹೊಂದುತ್ತದೆ. ಎಎಂ5 ಕೊಂಡವರಿಗೆ ಮುಂದೆ ಪ್ರೊಸೆಸರ್ ಬದಲಿಸುವ ಅವಕಾಶ ಹೆಚ್ಚು, ಎಎಂ4ರಲ್ಲಿ ಇಂದಿನ ಖರ್ಚು ಕಡಿಮೆ. ಮದರ್‌ಬೋರ್ಡಿಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪ್ರೊಸೆಸರಿಗೂ ರ‍್ಯಾಮಿಗೂ ಹೊಂದುವ ಸಾಧಾರಣ ಬೋರ್ಡು ಸಾಕು, ಬಣ್ಣದ ದೀಪಗಳಿಗೆ ಹಣ ತೆರುವುದು ಬೇಡ. ರ‍್ಯಾಮನ್ನು 16 ಜಿಬಿಯ ಒಂದೇ ಪಟ್ಟಿಯಾಗಿ ಕೊಳ್ಳುವುದರ ಬದಲು 8 ಜಿಬಿಯ ಎರಡು ಪಟ್ಟಿಗಳಾಗಿ ಹಾಕಿದರೆ ಪ್ರೊಸೆಸರು ಎರಡು ದಾರಿಗಳಿಂದ ಏಕಕಾಲಕ್ಕೆ ಮಾಹಿತಿ ಪಡೆಯುತ್ತದೆ, ಒಳಗ್ರಾಫಿಕ್ಸಿನ ‘ಜಿ’ ಪ್ರೊಸೆಸರುಗಳಲ್ಲಂತೂ ಇದರಿಂದಾಗುವ ಲಾಭ ಕಣ್ಣಿಗೇ ಕಾಣುತ್ತದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ವಿಪರೀತ ಏರಿದ್ದರಿಂದ, ಹಳೆಯ ದರಪಟ್ಟಿಯನ್ನು ನಂಬಿ ಬಜೆಟ್ ಹಾಕಿದವರ ಲೆಕ್ಕ ತಲೆಕೆಳಗಾಯಿತು. ಸಂಗ್ರಹಕ್ಕೆ ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ಸಾಕು. ಹೆಚ್ಚು ವೇಗದ, ದುಬಾರಿ ಎಸ್‌ಎಸ್‌ಡಿಯಿಂದ ಆಟ ತೆರೆದುಕೊಳ್ಳುವ ಸಮಯದಲ್ಲಿ ಆಗುವ ಉಳಿತಾಯ ಅತ್ಯಲ್ಪ.

ಬಜೆಟ್ ಯಂತ್ರಗಳಲ್ಲಿ ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾಗುವ ಭಾಗ ಎಸ್‌ಎಂಪಿಎಸ್, ಎಂದರೆ ಗೋಡೆಯ 230 ವೋಲ್ಟಿನ ವಿದ್ಯುತ್ತನ್ನು ಬಿಡಿಭಾಗಗಳಿಗೆ ಬೇಕಾದ 12, 5, 3.3 ವೋಲ್ಟುಗಳಿಗೆ ಇಳಿಸಿಕೊಡುವ ಪೆಟ್ಟಿಗೆ. ಕ್ಯಾಬಿನೆಟ್ಟಿನೊಂದಿಗೆ ಪುಕ್ಕಟೆ ಎಂಬಂತೆ ಬರುವ ಎಸ್‌ಎಂಪಿಎಸ್‌ನ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ಅಷ್ಟನ್ನು ಅದು ನಿರಂತರವಾಗಿ ಕೊಡಬಲ್ಲದೆಂಬ ಭರವಸೆಯಿಲ್ಲ, ಮತ್ತು ಎಷ್ಟೋ ಸಲ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 8 ಪಿನ್ನಿನ ವೈರೇ ಅದರಲ್ಲಿರುವುದಿಲ್ಲ. ಆಗ ಬೇರೆ ವೈರಿಗೆ ಅಡಾಪ್ಟರ್ ಸಿಕ್ಕಿಸಿ ಕೆಲಸ ಸಾಗಿಸುವುದು ಬೆಂಕಿಯೊಡನೆ ಸರಸವಾಡಿದಂತೆ. ‘80 ಪ್ಲಸ್’ ಎಂಬ ಮುದ್ರೆ ದಕ್ಷತೆಯ ಗುರುತೇ ಹೊರತು ಸುರಕ್ಷತೆಯ ಪ್ರಮಾಣಪತ್ರವಲ್ಲ: ಶೇ. 80ರಷ್ಟು ದಕ್ಷತೆಯಿದ್ದರೆ 400 ವ್ಯಾಟ್ ಕೊಡಲು ಗೋಡೆಯಿಂದ 500 ವ್ಯಾಟ್ ಎಳೆದು, ಮಿಕ್ಕ 100 ವ್ಯಾಟನ್ನು ಶಾಖವಾಗಿ ಕಳೆಯುತ್ತದೆ ಎಂದಷ್ಟೇ ಅದರರ್ಥ. 132 ವ್ಯಾಟಿನ ಆರ್‌ಎಕ್ಸ್ 6600 ಮತ್ತು 65 ವ್ಯಾಟಿನ ರೈಜನ್ 5 5600 ಇರುವ ಯಂತ್ರಕ್ಕೆ, ಐದು ವರ್ಷದ ವಾರಂಟಿಯುಳ್ಳ ಒಳ್ಳೆಯ ಕಂಪನಿಯ 550 ವ್ಯಾಟಿನ ಎಸ್‌ಎಂಪಿಎಸ್ ಧಾರಾಳವಾಯಿತು. 750 ವ್ಯಾಟ್ ಬೇಕೆಂಬುದು ಅಂಗಡಿಯ ಮಾತು.

ವಿದ್ಯುತ್ ಆಗಾಗ ಕೈಕೊಡುವ ಊರುಗಳಲ್ಲಿ ಯುಪಿಎಸ್ ಅಗತ್ಯವೇ ಆದರೂ, 600 ವಿಎ ಎಂದು ಮಾರುವ ಸಾಮಾನ್ಯ ಯುಪಿಎಸ್‌ನ ನಿಜವಾದ ಸಾಮರ್ಥ್ಯ ಸುಮಾರು 360 ವ್ಯಾಟ್ ಎಂಬುದನ್ನೂ, ಅದು ಇರುವುದು ಆಟವನ್ನು ಉಳಿಸಿ ಯಂತ್ರವನ್ನು ಆರಿಸಲು ಕೆಲವು ನಿಮಿಷ ಕೊಡುವುದಕ್ಕೆ ಎಂಬುದನ್ನೂ ಕೊಳ್ಳುವವರಿಗೆ ಮೊದಲೇ ತಿಳಿಸಬೇಕು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಎಷ್ಟು ದುಬಾರಿ ಎಸ್‌ಎಂಪಿಎಸ್ ಹಾಕಿದರೂ ಪೂರ್ಣ ಪ್ರಯೋಜನವಿಲ್ಲ. ಕಲಬುರಗಿ, ರಾಯಚೂರುಗಳಂತೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಡೆಗಳಲ್ಲಿ ಮುಂಭಾಗಕ್ಕೆ ಗಾಜಿನ ಬದಲು ಜಾಲರಿಯಿರುವ ಕ್ಯಾಬಿನೆಟ್ಟನ್ನೇ ಆರಿಸಬೇಕು, ಏಕೆಂದರೆ ರೈಜನ್ 5 5600ರ ಗರಿಷ್ಠ ಮಿತಿ 90 ಡಿಗ್ರಿ, ಅದನ್ನು ಮುಟ್ಟಿದ ಪ್ರೊಸೆಸರು ತಣಿಯುವ ಸಲುವಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಲೆಕ್ಕದಲ್ಲಿ ಮರೆತುಹೋಗುವ ಇನ್ನೊಂದು ಬಾಬ್ತು ವಿಂಡೋಸ್. ವಿಂಡೋಸ್ 10ಕ್ಕಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಂಡೋಸ್ 11ಕ್ಕೆ ‘ಟಿಪಿಎಂ 2.0’ ಎಂಬ ಭದ್ರತಾ ವ್ಯವಸ್ಥೆ ಬೇಕು. ಅಗ್ಗದ ಹಳೆಯ ಐ7 ಯಂತ್ರಗಳನ್ನು ದೂರವಿಡಲು ಇದೂ ಒಂದು ಕಾರಣ. ಉಚಿತವಾದ ಲಿನಕ್ಸಿನಲ್ಲಿ ಇಂದು ಬಹಳಷ್ಟು ಆಟಗಳು ನಡೆಯುತ್ತವೆಯಾದರೂ ವ್ಯಾಲೊರಂಟ್ ನಡೆಯುವುದಿಲ್ಲ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ ತನ್ನ ಪದ್ಧತಿಯನ್ನು ಬದಲಿಸಿ ಗ್ರಾಫಿಕ್ಸ್ ಕಾರ್ಡುಗಳಿಂದ ನಾಣ್ಯ ಗಳಿಸುವ ‘ಮೈನಿಂಗ್’ ನಿಂತ ಮೇಲೆ, ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಒಳ್ಳೆಯವೂ ಇದ್ದಾವು, ಆದರೆ ವಾರಂಟಿ ಉಳಿದಿರುವ, ಬಿಲ್ ಇರುವ, ಎದುರಿಗೇ ಅರ್ಧ ಗಂಟೆ ಭಾರಿ ಆಟ ಓಡಿಸಿ ತೋರಿಸುವ ಕಾರ್ಡನ್ನು ಮಾತ್ರ ಕೊಳ್ಳಬಹುದು. ಎಸ್‌ಎಂಪಿಎಸ್ಸನ್ನಂತೂ ಹಳೆಯದು ಕೊಳ್ಳಲೇಬಾರದು.

ಅಂಗಡಿಯಲ್ಲಿ ಪ್ರೊಸೆಸರ್ ಪೆಟ್ಟಿಗೆಯೊಂದಿಗೆ ಬಂದದ್ದೋ, ‘ಟ್ರೇ’ ಎಂದು ಬಿಡಿಯಾಗಿ ಮಾರುವುದೋ ಎಂದು ಕೇಳಬೇಕು, ಏಕೆಂದರೆ ಬಿಡಿಯಾದದ್ದಕ್ಕೆ ತಯಾರಕರ ವಾರಂಟಿ ಸಾಮಾನ್ಯವಾಗಿ ಗ್ರಾಹಕರಿಗೆ ಸಿಗುವುದಿಲ್ಲ. ಪ್ರತಿ ಭಾಗದ ಸೀರಿಯಲ್ ನಂಬರ್ ನಮೂದಾದ ಜಿಎಸ್‌ಟಿ ಬಿಲ್ ಪಡೆಯಬೇಕು; ಬಿಲ್ ಬೇಡವೆಂದರೆ ಸಿಗುವ ರಿಯಾಯಿತಿ ವಾರಂಟಿಯನ್ನು ಮಾರಿ ಪಡೆದ ರಿಯಾಯಿತಿ. ಜೋಡಣೆ ಮುಗಿದ ಮೇಲೆ ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲದೆ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡದ ಕಾರಣಕ್ಕೆ 3200ರ ರ‍್ಯಾಮ್ 2133ರಲ್ಲೇ ಓಡುತ್ತಿದೆಯೇ, 144 ಹರ್ಟ್ಜ್ ಮಾನಿಟರ್ ವಿಂಡೋಸ್‌ನಲ್ಲಿ 60ಕ್ಕೇ ನಿಂತಿದೆಯೇ ಎಂಬ ಮೂರನ್ನೂ ಅಂಗಡಿಯಲ್ಲೇ ಯಂತ್ರ ಚಾಲೂ ಮಾಡಿಸಿ ನೋಡಿದ ಮೇಲೆಯೇ ಕೊಳ್ಳುವವರು ಬಾಕಿ ಹಣ ಕೊಡಲಿ.